ಒತ್ತುವ ಗುಂಡಿಯೋ, ಮುಟ್ಟುವ ಗಾಜೋ: ಕೀಪ್ಯಾಡ್ ಆರಿಸುವವರಿಗೆ ಒಂದು ಹೋಲಿಕೆ

ಇಂಡಕ್ಷನ್ ಒಲೆ ಕೊಳ್ಳುವವರು ಅದು ಎಷ್ಟು ವ್ಯಾಟಿನದು ಎಂದು ವಿಚಾರಿಸುತ್ತಾರೆ. ಬಾಗಿಲಿಗೆ ಅಂಕಿಯ ಬೀಗ ಹಾಕಿಸುವವರು ಚಿಲಕ ಎಷ್ಟು ಗಟ್ಟಿ ಎಂದು ನೋಡುತ್ತಾರೆ. ಕ್ಯಾಲ್ಕುಲೇಟರ್ ಬೇಕಾದವರು ಪರದೆಯಲ್ಲಿ ಎಷ್ಟು ಅಂಕಿ ಮೂಡುತ್ತವೆ ಎಂದು ಎಣಿಸುತ್ತಾರೆ. ಆದರೆ ಈ ಮೂರರಲ್ಲೂ ದಿನವೂ ಬೆರಳು ತಾಗುವುದು ಕೀಪ್ಯಾಡಿಗೆ. ಒಳಗಿನ ಯಂತ್ರವೆಲ್ಲ ಸರಿಯಿದ್ದೂ ಸಾಧನ ಮೂಲೆ ಸೇರುವಂತಾಗುವುದು ಅನೇಕ ವೇಳೆ ಅದೊಂದು ಕೆಟ್ಟಿದ್ದರಿಂದಲೇ. ಒಂದೇ ಕೆಲಸದ ಎರಡು ಸಾಧನಗಳಲ್ಲಿ ಒಂದಕ್ಕೆ ಒತ್ತುವ ಗುಂಡಿಗಳೂ ಇನ್ನೊಂದಕ್ಕೆ ನುಣುಪಾದ ಟಚ್ ಗಾಜೂ ಇರುವಾಗ ಯಾವುದನ್ನು ಆರಿಸಬೇಕು ಎಂದು ತೋಚದೆ ನಿಂತವರಿಗಾಗಿ ಈ ಹೋಲಿಕೆ.

ಯಾವ ಬಗೆಯ ಕೀಪ್ಯಾಡ್ ಎಲ್ಲಕ್ಕಿಂತ ಒಳ್ಳೆಯದು ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ, ಮತ್ತು ಇಲ್ಲದಿರುವುದಕ್ಕೆ ಸರಳ ಕಾರಣವಿದೆ. ಒತ್ತಿದ್ದು ಬೆರಳಿಗೆ ತಿಳಿಯಬೇಕಾದರೆ ಗುಂಡಿ ಕೆಳಗಿಳಿದು ಮೇಲೇಳಬೇಕು. ಇಳಿದು ಏಳಬೇಕಾದರೆ ಸುತ್ತ ಸಂದು ಇರಬೇಕು. ಸಂದು ಇದ್ದಲ್ಲಿ ನೀರು, ಧೂಳು, ಜಿಡ್ಡು ಹೊಗುತ್ತವೆ. ಸಂದನ್ನು ಮುಚ್ಚಿದಷ್ಟೂ ಒತ್ತಿದ ಅನುಭವ ಮಂಕಾಗುತ್ತದೆ. ಮುಂದೆ ಹೇಳುವ ಎಲ್ಲ ಬಗೆಗಳೂ ಈ ಎಳೆದಾಟದಲ್ಲಿ ಎಲ್ಲೋ ಒಂದು ಕಡೆ ರಾಜಿ ಮಾಡಿಕೊಂಡವೇ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಎಲ್ಲಕ್ಕಿಂತ ಮೊದಲನೆಯದು, ಒತ್ತುವವರು ನೋಡಿ ಒತ್ತುತ್ತಾರೋ ನೋಡದೆ ಒತ್ತುತ್ತಾರೋ ಎಂಬುದು. ಕತ್ತಲಲ್ಲಿ ಟಿವಿಯ ಶಬ್ದ ತಗ್ಗಿಸುವವರು, ಬಿಲ್ಲಿನ ಮೇಲೆ ಕಣ್ಣಿಟ್ಟು ಅಂಕಿ ಹೊಡೆಯುವವರು, ದೃಷ್ಟಿ ಕಡಿಮೆ ಇರುವವರು ನೋಡದೆ ಒತ್ತುತ್ತಾರೆ. ಇವರಿಗೆ ಉಬ್ಬು ತಗ್ಗಿಲ್ಲದ ಮೇಲ್ಮೈ ಎಂದರೆ ಶಿಕ್ಷೆಯೇ. ಎರಡನೆಯದು, ಕೈ ಮತ್ತು ಜಾಗ ಎಂಥವು ಎಂಬುದು: ಒದ್ದೆಯೇ, ಜಿಡ್ಡೇ, ಕೈಗವಸು ಇದೆಯೇ, ಮಳೆ ಬಿಸಿಲು ಬೀಳುವ ಹೊರಗೋಡೆಯೇ. ಮೂರನೆಯದು, ತಪ್ಪು ಒತ್ತಿನಿಂದ ಆಗುವ ನಷ್ಟ. ರಿಮೋಟಿನಲ್ಲಿ ತಪ್ಪಿದರೆ ಬೇರೆ ಚಾನೆಲ್ ಬರುತ್ತದೆ, ಅಷ್ಟೇ. ಲೆಕ್ಕದಲ್ಲಿ ಒಂದು ಸೊನ್ನೆ ಹೆಚ್ಚು ಬಿದ್ದರೆ ಕಥೆ ಬೇರೆ.

ಬಾಳಿಕೆಯನ್ನು ಜನ ಎಲ್ಲಕ್ಕಿಂತ ಮುಂದಿಟ್ಟು ಕೇಳುತ್ತಾರೆ, ಆದರೆ ಅದನ್ನು ಲೆಕ್ಕ ಹಾಕಿ ನೋಡುವವರು ಕಡಿಮೆ. ತೆಳು ಹಾಳೆಗಳ ಪದರದಿಂದಾದ ಸಾಧಾರಣ ಮೆಂಬ್ರೇನ್ ಗುಂಡಿಯೊಂದು 10 ಲಕ್ಷ ಒತ್ತುಗಳವರೆಗೆ ಬಾಳುತ್ತದೆ ಎಂದು ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ. ಮೈಕ್ರೋವೇವ್ ಒಲೆಯ ಸ್ಟಾರ್ಟ್ ಗುಂಡಿಯನ್ನು ದಿನಕ್ಕೆ 20 ಬಾರಿ ಒತ್ತಿದರೂ ವರ್ಷಕ್ಕೆ 7,300 ಒತ್ತುಗಳಾಗುತ್ತವೆ. ಆ ಲೆಕ್ಕದಲ್ಲಿ ಗುಂಡಿ 130 ವರ್ಷಕ್ಕೂ ಹೆಚ್ಚು ಬಾಳಬೇಕು. ಹಾಗೆ ಬಾಳುವುದಿಲ್ಲ ಎಂಬುದು ನಮಗೆಲ್ಲ ಗೊತ್ತು, ಏಕೆಂದರೆ ಅದನ್ನು ಕೊಲ್ಲುವುದು ಒತ್ತುಗಳಲ್ಲ, ಹಬೆ, ಜಿಡ್ಡು ಮತ್ತು ಉಗುರಿನ ತುದಿ. ಇದಕ್ಕೆ ವಿರುದ್ಧವಾಗಿ, ದಿನವಿಡೀ ಅಂಕಿ ಹೊಡೆಯುವವರೊಬ್ಬರು ಎಂಟರ್ ಗುಂಡಿಯೊಂದನ್ನೇ ದಿನಕ್ಕೆ 2,000 ಬಾರಿ ಒತ್ತುತ್ತಾರೆ ಎಂದುಕೊಂಡರೆ, ವರ್ಷಕ್ಕೆ 250 ಕೆಲಸದ ದಿನಗಳಂತೆ 5 ಲಕ್ಷವಾಗಿ, ಅದೇ ಗುಣಮಟ್ಟದ ಗುಂಡಿ ಎರಡು ವರ್ಷಕ್ಕೆ ತನ್ನ ಆಯಸ್ಸು ಮುಗಿಸುತ್ತದೆ. ಆದ್ದರಿಂದ ಮನೆಬಳಕೆಯ ಹೆಚ್ಚಿನ ಸಾಧನಗಳಲ್ಲಿ ಎಷ್ಟು ಲಕ್ಷ ಒತ್ತು ಎಂಬ ಅಂಕಿಗೆ ಹೆಚ್ಚುವರಿ ಹಣ ಕೊಡುವುದು ವ್ಯರ್ಥ. ಆ ಹಣವನ್ನು ನೀರು ಧೂಳು ತಡೆಯುವ ಗುಣಕ್ಕೆ ಕೊಡುವುದು ಲೇಸು. ಅಂಕಿ ಹೊಡೆಯುವ ಕೆಲಸದವರಿಗೆ ಮಾತ್ರ ಈ ಮಾತು ತಿರುಗುಮುರುಗು.

ಉಳಿದ ಎರಡು ಪ್ರಶ್ನೆಗಳು ಚಿಕ್ಕವು: ಸಾಧನ ಬ್ಯಾಟರಿಯಲ್ಲಿ ನಡೆಯುತ್ತದೆಯೇ, ಮತ್ತು ಕೆಟ್ಟರೆ ಕೀಪ್ಯಾಡ್ ಒಂದನ್ನೇ ಬದಲಿಸಬಹುದೇ.

ಒಳಗೆ ನಡೆಯುವುದೇನು

ಹನ್ನೆರಡು ಗುಂಡಿಗಳಿಗೆ ಹನ್ನೆರಡು ಜೊತೆ ತಂತಿ ಬೇಕಿಲ್ಲ. ಗುಂಡಿಗಳನ್ನು 4 ಅಡ್ಡಸಾಲು, 3 ಕಂಬಸಾಲುಗಳ ಜಾಲದಲ್ಲಿ ಜೋಡಿಸಿದರೆ 7 ತಂತಿ ಸಾಕು. 16 ಗುಂಡಿಗಳಿಗೆ 8 ಸಾಕು. ಒಳಗಿನ ಚಿಪ್ ಒಂದೊಂದೇ ಸಾಲಿಗೆ ಸಂಕೇತ ಕಳುಹಿಸಿ, ಅದು ಯಾವ ಕಂಬದಲ್ಲಿ ಹೊರಬಂತು ಎಂದು ನೋಡಿ, ಎರಡೂ ಕೂಡುವ ಜಾಗದ ಗುಂಡಿ ಒತ್ತಲ್ಪಟ್ಟಿದೆ ಎಂದು ತಿಳಿಯುತ್ತದೆ. ಕೊಳ್ಳುವವರಿಗೆ ಇದರಿಂದ ಒಂದು ಉಪಯೋಗವಿದೆ: 1, 2, 3 ಹೀಗೆ ಒಂದು ಸಾಲು ಪೂರ್ತಿ ಒಟ್ಟಿಗೆ ಸತ್ತರೆ ದೋಷ ಬಹುಪಾಲು ಆ ಸಾಲಿನ ತಂತಿಯಲ್ಲೋ ಅದರ ಜೋಡಣೆಯಲ್ಲೋ ಇರುತ್ತದೆ, ಗುಂಡಿಗಳಲ್ಲಿ ಅಲ್ಲ. ಒಂಟಿ ಗುಂಡಿ ಸತ್ತರೆ ಅದರದೇ ದೋಷ. ಸಡಿಲವಾದ ರಿಬ್ಬನ್ ತಂತಿಯನ್ನು ಒತ್ತಿ ಕೂರಿಸಿದರೆ ಮುಗಿಯುವ ಕೆಲಸಕ್ಕೆ ಹೊಸ ಸಾಧನ ಕೊಳ್ಳುವುದು ಹೀಗೆ ತಪ್ಪುತ್ತದೆ.

ಇನ್ನೊಂದು ಸಂಗತಿ: ಲೋಹದ ಸಂಪರ್ಕಗಳು ಕೂಡುವಾಗ ಕೆಲವು ಮಿಲಿಸೆಕೆಂಡುಗಳ ಕಾಲ ಪುಟಿಯುತ್ತವೆ. ಈ ಪುಟಿತವನ್ನು ಹೊಸ ಒತ್ತೆಂದು ಎಣಿಸದಂತೆ ಚಿಪ್ ಸಾಮಾನ್ಯವಾಗಿ 5ರಿಂದ 20 ಮಿಲಿಸೆಕೆಂಡು ಕಾಯುತ್ತದೆ. ಗುಂಡಿ ಸವೆದು ಪುಟಿತ ಆ ಅವಧಿಯನ್ನು ಮೀರಿದಾಗಲೇ ಒಮ್ಮೆ ಒತ್ತಿದ 7 ಎರಡು ಬಾರಿ ಮೂಡುವುದು.

ಬಗೆಗಳ ತೂಕ

ಮೆಂಬ್ರೇನ್ ಎಂದರೆ ತೆಳು ಪಾಲಿಯೆಸ್ಟರ್ ಹಾಳೆಗಳ ಪದರ. ಮೇಲಿನ ಮತ್ತು ಕೆಳಗಿನ ಹಾಳೆಗಳಲ್ಲಿ ಬೆಳ್ಳಿ ಅಥವಾ ಇಂಗಾಲದ ಶಾಯಿಯಿಂದ ಗೆರೆಗಳನ್ನು ಮುದ್ರಿಸಿ, ನಡುವೆ ತೂತುಗಳಿರುವ ಮೂರನೆಯ ಹಾಳೆ ಇಟ್ಟಿರುತ್ತಾರೆ. ಒತ್ತಿದಾಗ ತೂತಿನ ಮೂಲಕ ಎರಡೂ ತಾಗುತ್ತವೆ. ಸಂದೇ ಇಲ್ಲದ ಕಾರಣ ಒರೆಸಲು ಸುಲಭ, ಮತ್ತು ಅಕ್ಷರಗಳನ್ನು ಮೇಲ್ಹಾಳೆಯ ಒಳಬದಿಯಲ್ಲಿ ಮುದ್ರಿಸಿದ್ದರೆ ಎಷ್ಟು ಒರೆಸಿದರೂ ಅಳಿಸುವುದಿಲ್ಲ. ಅಗ್ಗವೂ ಹೌದು. ಆದರೆ ಗುಂಡಿ ಇಳಿಯುವುದು ಅರ್ಧ ಮಿಲಿಮೀಟರಿಗೂ ಕಡಿಮೆ, ಹೀಗಾಗಿ ಒತ್ತಿತೋ ಇಲ್ಲವೋ ಎಂಬುದಕ್ಕೆ ಬೀಪ್ ಶಬ್ದವೇ ಸಾಕ್ಷಿ. ಅನುಮಾನದಿಂದ ಜೋರಾಗಿ ಒತ್ತುವವರ ಕೈಯಲ್ಲಿ ಮೇಲ್ಹಾಳೆ ಬಿರಿಯುತ್ತದೆ. ಬಿರಿದ ಮೇಲೆ ನೀರು ತಡೆಯುವ ಅದರ ಗುಣವೂ ಹೋಯಿತು. ಒಂದು ಗುಂಡಿ ಕೆಟ್ಟರೂ ಫಲಕವನ್ನೇ ಬದಲಿಸಬೇಕು. ಹಾಳೆಯಡಿ ಪುಟ್ಟ ಲೋಹದ ಗುಮ್ಮಟಗಳನ್ನಿಟ್ಟ ಮೆಂಬ್ರೇನುಗಳು ಒತ್ತಿದಾಗ ಟಕ್ ಎನ್ನುತ್ತವೆ. ಎರಡೂ ಬಗೆ ಸಿಗುವಲ್ಲಿ ಸ್ವಲ್ಪ ಹೆಚ್ಚು ಕೊಟ್ಟಾದರೂ ಇದನ್ನೇ ಆರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಸಿಲಿಕೋನ್ ರಬ್ಬರ್ ಟಿವಿ ರಿಮೋಟುಗಳ ಮತ್ತು ಅನೇಕ ಕ್ಯಾಲ್ಕುಲೇಟರುಗಳ ಬಗೆ. ಪ್ರತಿ ಗುಂಡಿಯ ಕೆಳಗೆ ರಬ್ಬರಿನ ಗುಮ್ಮಟವಿದ್ದು, ಅದರ ಒಳತುದಿಯಲ್ಲಿ ಇಂಗಾಲದ ಬಿಲ್ಲೆಯೊಂದು ಅಂಟಿರುತ್ತದೆ. ಗುಮ್ಮಟ ಕುಸಿಯುವುದು ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ, ಸದ್ದು ಇಲ್ಲ, ಬೆಲೆ ಕಡಿಮೆ, ಕೆಳಗೆ ಬಿದ್ದರೂ ಪೆಟ್ಟಾಗುವುದು ಅಪರೂಪ. ಇದರ ರೋಗ ಒಂದೇ: ವರ್ಷಗಳು ಕಳೆದಂತೆ ಬಿಲ್ಲೆಯ ಮೇಲೂ ಅದು ತಾಗುವ ಸರ್ಕ್ಯೂಟಿನ ಮೇಲೂ ಜಿಡ್ಡಿನ ಪದರ ಕೂತು ವಿದ್ಯುತ್ ಹರಿಯದಂತಾಗುವುದು. ಬ್ಯಾಟರಿ ಹೊಸದಿದ್ದೂ ಬಲವಾಗಿ ಒತ್ತಬೇಕಾಗುವ ರಿಮೋಟಿನ ಕಥೆ ಸಾಮಾನ್ಯವಾಗಿ ಇದೇ. ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ ಒಣಗಿಸಿದರೆ ಬಹುಪಾಲು ಮತ್ತೆ ಕೆಲಸ ಮಾಡುತ್ತದೆ. ಮನೆಯಲ್ಲೇ ಹೀಗೆ ಗುಣವಾಗುವ ಬೇರೆ ಬಗೆ ಈ ಪಟ್ಟಿಯಲ್ಲಿಲ್ಲ. ರಬ್ಬರಿನ ಮೇಲ್ಮೈಯಲ್ಲಿ ಅಚ್ಚಾದ ಅಂಕಿಗಳು ಸವೆದು ಹೋಗುವುದನ್ನು ಮಾತ್ರ ತಡೆಯಲಾಗದು.

ಸರ್ಕ್ಯೂಟಿನ ಮೇಲೆ ಬೆಸೆದ ಪುಟ್ಟ ಟ್ಯಾಕ್ಟ್ ಸ್ವಿಚ್ಚುಗಳು ಗಟ್ಟಿಯಾದ ಕ್ಲಿಕ್ ಕೊಡುತ್ತವೆ. ಅಗ್ಗದವು 1 ಲಕ್ಷ ಒತ್ತುಗಳ ಆಸುಪಾಸಿನಲ್ಲೂ ಒಳ್ಳೆಯವು 10 ಲಕ್ಷದಾಚೆಗೂ ಬಾಳುವುದರಿಂದ ಒಂದೇ ನೋಟದ ಎರಡು ಸಾಧನಗಳ ನಡುವೆ ಅಜಗಜಾಂತರವಿರಬಹುದು. ಬೆಸುಗೆ ಬಲ್ಲ ರಿಪೇರಿಯವರು ಒಂದೊಂದನ್ನೇ ಬದಲಿಸಬಲ್ಲರು.

ಮೆಕ್ಯಾನಿಕಲ್ ಸ್ವಿಚ್ ಕಂಪ್ಯೂಟರಿನ ಕೀಬೋರ್ಡ್ ಮತ್ತು ನಂಬರ್ ಪ್ಯಾಡುಗಳಿಗೆ ಸೇರಿದ್ದು. ಪ್ರತಿ ಗುಂಡಿಗೂ ತನ್ನದೇ ಸ್ಪ್ರಿಂಗು, ತನ್ನದೇ ಲೋಹದ ಸಂಪರ್ಕ. ಹೆಸರಾದ ಚೆರ್ರಿ ಎಂಎಕ್ಸ್ ಸ್ವಿಚ್ಚುಗಳಲ್ಲಿ ಗುಂಡಿ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಆದರೆ ಸುಮಾರು 2 ಮಿಲಿಮೀಟರ್ ಇಳಿದಾಗಲೇ ಅಂಕಿ ದಾಖಲಾಗುತ್ತದೆ. ತಳಕ್ಕೆ ಗುದ್ದುವ ಅಗತ್ಯವಿಲ್ಲದಿರುವುದರಿಂದ ದಿನವಿಡೀ ಒತ್ತುವ ಬೆರಳಿಗೆ ಇದು ನಿಜವಾದ ಅನುಕೂಲ. ಬಾಳಿಕೆಯ ಲೆಕ್ಕವೂ ಲಕ್ಷಗಳಲ್ಲಲ್ಲ, ಕೋಟಿಗಳಲ್ಲಿ: 5 ಕೋಟಿ, ಹೊಸ ಮಾದರಿಗಳಲ್ಲಿ 10 ಕೋಟಿ ಒತ್ತುಗಳು. ಬೆಲೆ, ಎತ್ತರ, ಸದ್ದು ಈ ಮೂರು ಅದರ ದಂಡ. ಸುತ್ತಲೂ ಸಂದು ಇರುವುದರಿಂದ ನೀರು ಚೆಲ್ಲಿದರೆ ಎಲ್ಲರಿಗಿಂತ ಮೊದಲು ಸೋಲುವುದೂ ಇದೇ.

ಟಚ್ ಕೀಪ್ಯಾಡಿನಲ್ಲಿ ಚಲಿಸುವ ಭಾಗವೇ ಇಲ್ಲ. ಬೆರಳು ಹತ್ತಿರ ಬಂದಾಗ ಗಾಜಿನಡಿಯ ಫಲಕದ ವಿದ್ಯುತ್ ಧಾರಣೆ, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಶಕ್ತಿ, ಕೆಲವೇ ಪಿಕೋಫ್ಯಾರಡುಗಳಷ್ಟು (ಧಾರಣೆಯ ಅತಿ ಸಣ್ಣ ಅಳತೆ), ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ ಬದಲಾಗುತ್ತದೆ. ಚಿಪ್ ಅದನ್ನು ಅಳೆದು ಮುಟ್ಟಿದ್ದನ್ನು ಗುರುತಿಸುತ್ತದೆ. ಸವೆಯುವುದಕ್ಕೆ ಏನೂ ಇಲ್ಲ, ಒರೆಸಲು ಇದರಷ್ಟು ಸುಲಭದ್ದು ಇನ್ನೊಂದಿಲ್ಲ, ನೋಟವೂ ಚೆಂದ. ದೋಷಗಳೆಲ್ಲ ಅದೇ ಗುಣದಿಂದಲೇ ಹುಟ್ಟುತ್ತವೆ. ನೀರಿನ ಹನಿಯೂ ಬೆರಳಿನಂತೆಯೇ ಧಾರಣೆಯನ್ನು ಬದಲಿಸುವುದರಿಂದ ಒದ್ದೆಯಾದ ಫಲಕ ಬೆರಳನ್ನು ತಪ್ಪಾಗಿ ತಿಳಿಯುತ್ತದೆ, ಇಲ್ಲವೇ ಸುರಕ್ಷತೆಗಾಗಿ ತಾನೇ ಆರಿಹೋಗುತ್ತದೆ. ಸಾಮಾನ್ಯ ಕೈಗವಸು ತೊಟ್ಟ ಬೆರಳು ಅದಕ್ಕೆ ಕಾಣುವುದೇ ಇಲ್ಲ. ಒರೆಸುವಾಗಲೂ ಒತ್ತಿದಂತಾಗುವುದರಿಂದ ಚೈಲ್ಡ್ ಲಾಕ್ ಇಲ್ಲದ ಟಚ್ ಫಲಕವನ್ನು ಕೊಳ್ಳಲೇಬಾರದು. ಒತ್ತುವ ಗುಂಡಿಗಳ ಸಾಧನದಲ್ಲಿ ಚಿಪ್ ಹೆಚ್ಚೂಕಡಿಮೆ ಪೂರ್ತಿ ನಿದ್ರಿಸಿದ್ದು ಒತ್ತಿದಾಗ ಏಳಬಲ್ಲದು. ಟಚ್ ಫಲಕ ಬೆರಳಿಗಾಗಿ ಆಗಾಗ ಎದ್ದು ಅಳೆಯುತ್ತಲೇ ಇರಬೇಕು. ಬ್ಯಾಟರಿ ಸಾಧನಗಳಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ.

ಲೋಹದ ಗುಂಡಿಗಳು ಮತ್ತು ಲೋಹದ ಮೇಲ್ಮೈಯ ಅತ್ಯಲ್ಪ ಬಾಗುವಿಕೆಯಿಂದ ಕೆಲಸ ಮಾಡುವ ಪೀಜೋ ಗುಂಡಿಗಳು ಎಟಿಎಂ, ಇಂಧನ ಪಂಪು, ಸಾರ್ವಜನಿಕ ಬಾಗಿಲುಗಳಂಥ ಜಾಗಗಳಿಗೆ ಹೇಳಿ ಮಾಡಿಸಿದವು. ದುಬಾರಿ, ಮನೆಯೊಳಗೆ ಇವುಗಳ ಅಗತ್ಯ ಬೀಳುವುದು ಕಡಿಮೆ.

ಅಡುಗೆಮನೆಯಲ್ಲಿ

ಇಲ್ಲಿ ಆಯ್ಕೆ ಮೆಂಬ್ರೇನ್ ಮತ್ತು ಟಚ್ ನಡುವಿನದು. ಪಾತ್ರೆ ಉಕ್ಕಿ ನೀರು ಫಲಕದ ಮೇಲೆ ಹರಿದಾಗ ಟಚ್ ಒಲೆ ಬೀಪ್ ಎನ್ನುತ್ತಾ ನಿಲ್ಲಬಹುದು, ಮತ್ತು ಒರೆಸಿ ಒಣಗಿಸುವವರೆಗೆ ಉರಿ ತಗ್ಗಿಸಲೂ ಆಗದಿರಬಹುದು. ಕೈ ಸದಾ ಒದ್ದೆಯಿರುವ, ಹಲವರು ಬಳಸುವ ಅಡುಗೆಮನೆಗೆ ಗುಂಡಿ ಒತ್ತುವ ಒಲೆಯೇ ನೆಮ್ಮದಿ. ಕಡಿಮೆ ಅಡುಗೆ, ಶುಚಿತನವೇ ಮುಖ್ಯ ಎನ್ನುವವರಿಗೆ ಟಚ್ ಹೊಂದುತ್ತದೆ. ಆದರೆ ಟಚ್ ಫಲಕ ಬಿಸಿ ತಟ್ಟುವ ವಲಯದಿಂದ ಎಷ್ಟು ದೂರವಿದೆ ಎಂದು ನೋಡಿಕೊಳ್ಳಬೇಕು. ಮೈಕ್ರೋವೇವಿನಲ್ಲಿ ಹೊತ್ತು ಹೊಂದಿಸಲು ತಿರುಗಿಸುವ ಗುಬುಟು ಇರುವ ಮಾದರಿ ಸಿಕ್ಕರೆ ಹತ್ತಾರು ಗುಂಡಿಗಳ ಮಾದರಿಗಿಂತ ಅದೇ ಮೇಲು ಎನ್ನಬೇಕಾಗುತ್ತದೆ, ಕೀಪ್ಯಾಡಿನ ಬಗ್ಗೆ ಬರೆಯಲು ಕೂತು ಈ ಮಾತು ಹೇಳುವುದು ವಿಚಿತ್ರವಾದರೂ.

ಬಾಗಿಲ ಬೀಗದಲ್ಲಿ

ಕೀಪ್ಯಾಡಿನ ಬಗೆ ಸುರಕ್ಷತೆಯನ್ನೇ ಮುಟ್ಟುವ ಜಾಗ ಇದು. ನಾಲ್ಕು ಅಂಕಿಯ ಸಂಕೇತಕ್ಕೆ 10,000 ಸಾಧ್ಯತೆಗಳಿವೆ, ಆರು ಅಂಕಿಗೆ 10 ಲಕ್ಷ. ಆದರೆ ಬಾಗಿಲಿನ ಸಂಕೇತ ದಿನವೂ ಒಂದೇ ಆದ್ದರಿಂದ ಅದರಲ್ಲಿರುವ ಅಂಕಿಗಳು ಮಾತ್ರ ಸವೆಯುತ್ತವೆ. ನಾಲ್ಕು ಗುಂಡಿಗಳು ಮಾತ್ರ ಮಾಸಿ ಉಳಿದವು ಹೊಸದಾಗಿರುವುದನ್ನು ಕಂಡವರಿಗೆ 10,000 ಸಾಧ್ಯತೆಗಳು 24ಕ್ಕೆ ಇಳಿಯುತ್ತವೆ. ಒಂದು ಅಂಕಿಯನ್ನು ಎರಡು ಸಲ ಬಳಸಿ ಮೂರೇ ಗುಂಡಿ ಮಾಸುವಂತೆ ಮಾಡಿದರೆ ಸಾಧ್ಯತೆಗಳು 36 ಆಗುತ್ತವೆ. ಗುಂಡಿ ಕಡಿಮೆಯಾದರೂ ಊಹೆ ಕಷ್ಟವಾಗುವುದು ವಿಚಿತ್ರವೆನಿಸಿದರೂ ಲೆಕ್ಕ ಸರಿಯಾಗಿಯೇ ಇದೆ. ಎರಡೂ ಕಾಪಾಡುವಷ್ಟು ದೊಡ್ಡ ಸಂಖ್ಯೆಗಳಲ್ಲ.

ಅಚ್ಚಾದ ಅಂಕಿಗಳ ರಬ್ಬರ್ ಗುಂಡಿಗೆ ಈ ದೌರ್ಬಲ್ಯ ಹೆಚ್ಚು. ಲೋಹದಲ್ಲಿ ಕೊರೆದ ಅಂಕಿಗಳು ನಿಧಾನವಾಗಿ ಸವೆಯುತ್ತವೆ. ಇನ್ನೂ ಒಂದು ಲಾಭವಿದೆ: ರಬ್ಬರು, ಪ್ಲಾಸ್ಟಿಕ್ಕುಗಳ ಮೇಲೆ ಬೆರಳಿನ ಬಿಸಿ ಸ್ವಲ್ಪ ಹೊತ್ತು ಉಳಿದು ಉಷ್ಣ ಕ್ಯಾಮೆರಾದ ಕಣ್ಣಿಗೆ ಬೀಳಬಲ್ಲದು, ಲೋಹ ಅದನ್ನು ಬೇಗ ಹರಡಿಬಿಡುತ್ತದೆ. ಟಚ್ ಗಾಜು ಸವೆಯದಿದ್ದರೂ ಬೆರಳಚ್ಚಿನ ಜಿಡ್ಡನ್ನು ತೋರಿಸುತ್ತದೆ; ಇದಕ್ಕಾಗಿ ಕೆಲವು ಬೀಗಗಳು ಮೊದಲು ಮನಬಂದ ಎರಡು ಅಂಕಿಗಳನ್ನು ಮುಟ್ಟಿಸುತ್ತವೆ, ಕೆಲವು ಸಂಕೇತದ ಹಿಂದೆ ಮುಂದೆ ಬೇಕಾದ ಅಂಕಿ ಸೇರಿಸಲು ಬಿಡುತ್ತವೆ, ಇನ್ನು ಕೆಲವು ಪ್ರತಿಬಾರಿ ಅಂಕಿಗಳ ಜಾಗವನ್ನೇ ಕಲಸುತ್ತವೆ. ಕಲಸುವ ಬೀಗ ಅತ್ಯಂತ ಸುರಕ್ಷಿತ, ಆದರೆ ಕೈರೂಢಿಯಿಂದ ಒತ್ತುವ ವೃದ್ಧರಿಗೂ ದೃಷ್ಟಿ ಮಂದವಾದವರಿಗೂ ಅದು ಬಾಗಿಲು ತೆರೆಯದ ಬೀಗವೇ ಸರಿ. ಅಂಥವರಿರುವ ಮನೆಗೆ ಗುಂಡಿಯ ಬೀಗ ತೆಗೆದುಕೊಂಡು ಆರಂಕಿಯ ಸಂಕೇತ ಇಟ್ಟು, ಕೆಲವು ತಿಂಗಳಿಗೊಮ್ಮೆ ಬೇರೆ ಅಂಕಿಗಳಿಗೆ ಬದಲಿಸುವುದು ಉತ್ತಮ. ಸವೆತವೂ ಆಗ ಎಲ್ಲ ಗುಂಡಿಗಳಿಗೂ ಹಂಚಿಹೋಗುತ್ತದೆ. ಯಾವ ಬಗೆಯಾದರೂ ಕೆಲವು ತಪ್ಪು ಪ್ರಯತ್ನಗಳ ನಂತರ ತಾನೇ ಸ್ಥಗಿತಗೊಳ್ಳುವ ಗುಣ ಇರಲೇಬೇಕು.

ಮಳೆ ತಾಗುವ ಬಾಗಿಲಿಗೆ ಐಪಿ ಶ್ರೇಣಿ, ಅಂದರೆ ಧೂಳು ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಅಂಕಿ, ನೋಡಿ. ಐಪಿ 65 ಎಂದರೆ ಧೂಳು ಸ್ವಲ್ಪವೂ ಹೋಗದು, ನೀರಿನ ಸಿಂಪಡಿಕೆಯನ್ನೂ ಧಾರೆಯನ್ನೂ ತಡೆಯುತ್ತದೆ. ಐಪಿ 54 ಎಂದರೆ ಧೂಳು ತುಸು ಹೋಗಬಹುದು, ಎರಚಲನ್ನಷ್ಟೇ ತಾಳುತ್ತದೆ. ಸೂರಿನಡಿಯ ಬಾಗಿಲಿಗೆ ಎರಡನೆಯದು ಸಾಕು. ಬ್ಯಾಟರಿ ಪೂರ್ತಿ ಇಳಿದಾಗ ಹೊರಗಿನಿಂದಲೇ 9 ವೋಲ್ಟ್ ಬ್ಯಾಟರಿ ತಾಗಿಸಿ ತೆರೆಯುವ ಸೌಲಭ್ಯ ಹಲವು ಬೀಗಗಳಲ್ಲಿದೆ; ಅದಿಲ್ಲದಿದ್ದರೆ ಲೋಹದ ಬೀಗದಕೈ ಹಾಕುವ ಕಂಡಿಯಾದರೂ ಇರಲಿ.

ರಿಮೋಟು ಮತ್ತು ಫೋನು

ರಿಮೋಟಿನ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ: ಬೇರೆ ಬೇರೆ ಆಕಾರದ ರಬ್ಬರ್ ಗುಂಡಿಗಳು, ಕಡಿಮೆ ಸಂಖ್ಯೆಯಲ್ಲಿ. ಟಚ್ ರಿಮೋಟು ಕೈಗೆತ್ತಿಕೊಂಡೊಡನೆ ಏನಾದರೊಂದು ಮಾಡಿಬಿಡುತ್ತದೆ.

ಫೋನಿನ ಪ್ರಶ್ನೆ ಬಳಕೆಯನ್ನು ನೋಡಿ ಬಗೆಹರಿಯುತ್ತದೆ. ಕರೆ ಮಾಡುವುದು, ಸ್ವೀಕರಿಸುವುದು ಇಷ್ಟೇ ಇದ್ದರೆ ಗುಂಡಿಯ ಫೋನು ಸಾಕು. ಬಿಡಿಬಿಡಿಯಾದ ದೊಡ್ಡ ಗುಂಡಿಗಳು, ಹಿಂಬೆಳಕು, ಮತ್ತು 5ರ ಮೇಲೆ ಬೆರಳಿಗೆ ಸಿಗುವ ಉಬ್ಬು ಇವೆಯೇ ಎಂದು ನೋಡಬೇಕು. ಆ ಉಬ್ಬೊಂದು ಸಿಕ್ಕರೆ ಉಳಿದ ಅಂಕಿಗಳ ಜಾಗ ಕಣ್ಣಿಲ್ಲದೆಯೂ ತಿಳಿಯುತ್ತದೆ. ಸಂದೇಶ ಬರೆಯುವುದೂ ಇದ್ದರೆ ಟಚ್ ಪರದೆಯೇ ಬೇಕು, ಏಕೆಂದರೆ 12 ಗುಂಡಿಗಳಲ್ಲಿ ಅಕ್ಷರಗಳನ್ನು ತುರುಕಿದ ಕೀಪ್ಯಾಡಿನಲ್ಲಿ ಇಂಗ್ಲಿಷಿನ ಎಸ್ ಬರೆಯಲು 7ನ್ನು ನಾಲ್ಕು ಸಲ ಒತ್ತಬೇಕು.

ಲೆಕ್ಕದ ಕೆಲಸದಲ್ಲಿ

ಫೋನಿನಲ್ಲಿ 1, 2, 3 ಮೇಲಿನ ಸಾಲಿನಲ್ಲಿದ್ದರೆ ಕ್ಯಾಲ್ಕುಲೇಟರಿನಲ್ಲಿ 7, 8, 9 ಮೇಲಿರುತ್ತವೆ. ಡಯಲ್ ತಿರುಗಿಸುವ ಫೋನಿಗೆ ಬದಲಾಗಿ ಗುಂಡಿಯ ಫೋನು ತರುವ ಮುನ್ನ ಅಮೆರಿಕದ ದೂರವಾಣಿ ಸಂಶೋಧನಾ ಸಂಸ್ಥೆಯಾದ ಬೆಲ್ ಪ್ರಯೋಗಾಲಯದವರು ಹಲವು ಜೋಡಣೆಗಳನ್ನು ಜನರಿಂದ ಒತ್ತಿಸಿ ನೋಡಿ 1960ರಲ್ಲಿ ಫಲಿತಾಂಶ ಪ್ರಕಟಿಸಿದರು. 1963ರಲ್ಲಿ ಬಳಕೆಗೆ ಬಂದ ಟಚ್ ಟೋನ್ ಎಂಬ ಗುಂಡಿಯ ಫೋನು ಇಂದಿನ ಜೋಡಣೆಯನ್ನೇ ಹೊತ್ತು ಬಂತು. ಲೆಕ್ಕದ ಯಂತ್ರಗಳು ಅದಕ್ಕೂ ಮುಂಚಿನಿಂದ ತಮ್ಮದೇ ದಾರಿಯಲ್ಲಿದ್ದವು. ಎರಡರಲ್ಲಿ ಯಾವುದು ಮೇಲು ಎಂದು ವಾದಿಸುವುದಕ್ಕಿಂತ, ಕೈಗೆ ಯಾವುದು ರೂಢಿಯೋ ಅದನ್ನು ಬಿಡದಿರುವುದು ಮುಖ್ಯ. ದಿನವಿಡೀ ಅಂಕಿ ಹೊಡೆಯುವವರು ಫೋನಿನ ಕ್ಯಾಲ್ಕುಲೇಟರನ್ನಾಗಲಿ, ಗುಂಡಿಗಳ ಗಾತ್ರ ಕುಗ್ಗಿಸಿದ ಪುಟ್ಟ ಯಂತ್ರವನ್ನಾಗಲಿ ನೆಚ್ಚಬಾರದು.

ಇವರಿಗೆ ಮೂರು ದಾರಿಗಳಿವೆ. ದಿನಕ್ಕೆ ಒಂದೆರಡು ತಾಸಿನ ಕೆಲಸವಿದ್ದರೆ ರಬ್ಬರ್ ಗುಮ್ಮಟದ ಮೇಲೆ ಪ್ಲಾಸ್ಟಿಕ್ ಗುಂಡಿಗಳಿರುವ ಮೇಜಿನ ಕ್ಯಾಲ್ಕುಲೇಟರ್ ಅಥವಾ ಅಗ್ಗದ ಯುಎಸ್‌ಬಿ ನಂಬರ್ ಪ್ಯಾಡ್ ಸಾಕು. ಕೆಟ್ಟಾಗ ಎಸೆದು ಇನ್ನೊಂದು ತಂದರೂ ನಷ್ಟವಿಲ್ಲ. ಲ್ಯಾಪ್‌ಟಾಪ್ ಜೊತೆ ಚೀಲದಲ್ಲಿ ಒಯ್ಯಬೇಕಾದವರಿಗೆ ತೆಳ್ಳನೆಯ, ಕತ್ತರಿಯಾಕಾರದ ಆಸರೆಯ ಗುಂಡಿಗಳ ಪ್ಯಾಡ್ ಸರಿ. ಅಂಕಿ ಹೊಡೆಯುವುದೇ ಉದ್ಯೋಗವಾದವರು ಮಾತ್ರ ಮೆಕ್ಯಾನಿಕಲ್ ಪ್ಯಾಡಿಗೆ ಹಣ ಹಾಕಬೇಕು, ಹಾಕುವಾಗ ಸ್ವಿಚ್ಚುಗಳನ್ನು ಕಿತ್ತು ಬದಲಿಸಬಹುದಾದ ಮಾದರಿಯನ್ನೇ ಕೇಳಬೇಕು, ಏಕೆಂದರೆ ಎಂಟರ್ ಮತ್ತು ಸೊನ್ನೆ ಉಳಿದವಕ್ಕಿಂತ ಬಹಳ ಮೊದಲೇ ಸೋಲುತ್ತವೆ. ಪಕ್ಕದಲ್ಲಿ ಬೇರೆಯವರು ಕೂರುವ ಕಚೇರಿಯಾದರೆ ಕ್ಲಿಕ್ ಎನ್ನುವ ಸ್ವಿಚ್ ಬೇಡ. ಕ್ಲಿಕ್ ಸದ್ದಿಲ್ಲದೆ ನಡುವೆ ಸಣ್ಣ ತಡೆ ಕೊಡುವ ಟ್ಯಾಕ್ಟೈಲ್ ಬಗೆ ಸಿಗುತ್ತದೆ. ಕೊಳ್ಳುವ ಮುನ್ನ ನೋಡದೆ ಒಂದು ಉದ್ದನೆಯ ಸಂಖ್ಯೆಯನ್ನು ವೇಗವಾಗಿ ಹೊಡೆದು, ಗುಂಡಿಯ ಮಧ್ಯವನ್ನಲ್ಲದೆ ಅಂಚನ್ನೂ ಒತ್ತಿ, ಯಾವ ಅಂಕಿಯೂ ಬಿಟ್ಟುಹೋಗದೆ, ಎರಡು ಸಲ ಬೀಳದೆ ಮೂಡುತ್ತದೆಯೇ ಎಂದು ಪರೀಕ್ಷಿಸಿ. ಅಂಚು ಒತ್ತಿದಾಗ ಗುಂಡಿ ಓರೆಯಾಗಿ ಸಿಕ್ಕಿಕೊಂಡರೆ ಬೆಲೆ ಎಷ್ಟೇ ಇರಲಿ, ಅದನ್ನು ಅಲ್ಲೇ ಬಿಡಿ.